ಲೈಸೆನ್ಸ್ ಬಂದ ಮೇಲಿನ ನಾಲ್ಕು ಕ್ಲಾಸು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಹೋದ ವಾರ ವಾಟ್ಸ್‌ಆ್ಯಪ್‌ನಲ್ಲಿ ಬಳ್ಳಾರಿಯ ನಮ್ಮ ಡ್ರೈವಿಂಗ್ ಸ್ಕೂಲಿನ ಹೊಸ ರೇಟು ಮಾತ್ರ ಹಾಕಿದೆವು, ಕಾರಣ ಬರೆಯಲಿಲ್ಲ. ಅದು ನಮ್ಮ ತಪ್ಪು, ಕ್ಷಮಿಸಿ. ಆದರೆ ಆಮೇಲೆ ಬಂದ ಕೆಲವು ಮಾತುಗಳಿಂದ ತುಂಬಾ ಬೇಜಾರಾಗಿದೆ. ಅದಕ್ಕೇ ಈ ಪತ್ರ.

ಕಾರು ಕಲಿಯುವ ಫೀಸು 6,000 ಇದ್ದದ್ದು 7,200 ರೂಪಾಯಿ ಆಗಿದೆ. ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಬಂದ ಮೇಲಿನ ನಾಲ್ಕು ಕ್ಲಾಸು ಇದರಲ್ಲೇ ಸೇರಿವೆ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನಮ್ಮ ಗಾಡಿಯನ್ನು ಒಂದು ಗಂಟೆ ಓಡಿಸಬೇಕು. ಅದೂ ಸಂಜೆ, ಮೋತಿ ಸರ್ಕಲ್ ತುಂಬಿರುವ ಹೊತ್ತಿಗೆ. ತಪ್ಪಿಗೆ ಪಾಯಿಂಟ್ ಬರೆಯುತ್ತೇವೆ. ಇಂಡಿಕೇಟರ್ ಹಾಕದೆ ತಿರುಗಿಸಿದರೆ ಒಂದು, ಸೀಟ್ ಬೆಲ್ಟ್ ಮರೆತರೆ ಎರಡು, ಫೋನ್ ಕೈಗೆ ತಗೊಂಡರೆ ಒಂದೇ ಸಲಕ್ಕೆ ಆರು. ಆರು ಆದವರಿಗೆ ಮತ್ತೆ ಮೂರು ದಿನ ಕ್ಲಾಸು. ಅದಕ್ಕೆ ದುಡ್ಡಿಲ್ಲ.

ಎಲ್ಲರೂ ಕೇಳುತ್ತಿರುವುದು ಒಂದೇ: "ಲೈಸೆನ್ಸ್ ಬಂದಾಯ್ತಲ್ಲಣ್ಣಾ, ಇನ್ನೇನು ಕಲಿಯೋದು? ಸುಮ್ನೆ ದುಡ್ಡು ಮಾಡೋಕೆ ತಾನೇ?"

ಅಲ್ಲ. ನಿಯಮದ ಪ್ರಕಾರ ಕಾರಿಗೆ ಕನಿಷ್ಠ 21 ದಿನದ ತರಬೇತಿ ಇರಬೇಕು, ಅದರಲ್ಲಿ 10 ಗಂಟೆ ಓಡಿಸಿರಬೇಕು. ಆ ಹತ್ತು ಗಂಟೆಯಲ್ಲಿ ನಾವು ಯಾರಿಗೂ ಹತ್ತು ನಿಮಿಷ ಕಡಿಮೆ ಮಾಡಿಲ್ಲ. ಆದರೆ ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ ಕಲಿತವರು ಡಿಎಲ್ ಬಂದ ವಾರವೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾತ್ರಿ ಹೊಸಪೇಟೆಗೆ ಹೊರಡುತ್ತಾರೆ. ತೋರಣಗಲ್ಲು ಹತ್ತಿರ ಲಾರಿಗಳ ಸಾಲು, ಎದುರಿಗೆ ಕಣ್ಣಿಗೆ ಹೊಡೆಯುವ ಹೈ ಬೀಮ್. ಪಕ್ಕದ ಸೀಟಿನಲ್ಲಿ ಬ್ರೇಕ್ ತುಳಿಯಲು ನಮ್ಮವರು ಇರುವುದಿಲ್ಲ.

ನಮ್ಮಲ್ಲಿ 18 ವರ್ಷಕ್ಕೆ ಕಾರಿನ ಲೈಸೆನ್ಸ್ ಕೊಟ್ಟರೆ ಅದು 40 ತುಂಬುವವರೆಗೆ ನಡೆಯುತ್ತದೆ. ಹೊಸಬರು, ಹಳಬರು ಅಂತ ಭೇದ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. 1997ರಿಂದ ಅಲ್ಲಿ ಹೊಸಬರಿಗೆ ಎರಡು ವರ್ಷದ ಪರೀಕ್ಷಾ ಅವಧಿ ಇದೆ. ಅಷ್ಟರೊಳಗೆ ಆರು ಪಾಯಿಂಟ್ ಆದರೆ ಲೈಸೆನ್ಸ್ ರದ್ದು. ಮತ್ತೆ ಎಲ್ ಬೋರ್ಡ್ ಹಾಕಿಕೊಂಡು ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಬೇಕು. 2017ರಿಂದ ಫೋನ್ ಕೈಯಲ್ಲಿ ಹಿಡಿದು ಓಡಿಸಿದ್ದಕ್ಕೇ ಆರು ಪಾಯಿಂಟ್. ಅಂದರೆ ಹೊಸಬರಿಗೆ ಒಂದು ಫೋನ್ ಕರೆಗೆ ಲೈಸೆನ್ಸ್ ಹೋಯಿತು! ಜರ್ಮನಿಯಲ್ಲೂ ಹೊಸಬರಿಗೆ ಎರಡು ವರ್ಷ ಇದೆ, ದೊಡ್ಡ ತಪ್ಪಾದರೆ ಅದು ನಾಲ್ಕಾಗುತ್ತದೆ. ನಿಮ್ಮ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ನಮಗಿಲ್ಲ, ಬೇಕಾಗಿಯೂ ಇಲ್ಲ. ಕರೆದು ಪಕ್ಕದಲ್ಲಿ ಕೂತು ನೋಡುವುದಷ್ಟೇ ನಮ್ಮ ಕೈಲಿರುವುದು.

ಹೋದ ವರ್ಷ ನಮ್ಮಲ್ಲೇ ಕಲಿತ ಹುಡುಗ ಡಿಎಲ್ ಬಂದ ಹದಿನೈದನೇ ದಿನಕ್ಕೆ ಡಿವೈಡರ್‌ಗೆ ಗುದ್ದಿದ. ಕೈಯಲ್ಲಿ ಫೋನಿತ್ತು. ಪುಣ್ಯಕ್ಕೆ ಮಣಿಕಟ್ಟು ಮುರಿದಷ್ಟಕ್ಕೇ ಉಳಿಯಿತು. ಅವರಪ್ಪ ಆಫೀಸಿಗೆ ಬಂದು, "ಇದೇನಾ ನೀವು ಕಲಿಸಿದ್ದು?" ಅಂದರು. ನಾವು ಕಲಿಸಿದ್ದು ಅದಲ್ಲ. ಆದರೂ ಬಾಯಿಂದ ಮಾತು ಹೊರಡಲಿಲ್ಲ.

ಇನ್ನು ದುಡ್ಡಿನ ಮಾತು. ಜಾಸ್ತಿ ಮಾಡಿದ್ದು 1,200, ಅಂದರೆ ಕ್ಲಾಸಿಗೆ 300. ಅದರಲ್ಲೇ ಪೆಟ್ರೋಲ್, ಇನ್‌ಸ್ಟ್ರಕ್ಟರ್ ಸಂಬಳ, ಇನ್ಶೂರೆನ್ಸ್. ಕಲಿಯುವವರು ಇಡೀ ದಿನ ಹಾಫ್ ಕ್ಲಚ್‌ನಲ್ಲೇ ಓಡಿಸುವ ಗಾಡಿಗೆ ಕ್ಲಚ್ ಪ್ಲೇಟ್ ಎಷ್ಟು ಸಲ ಹಾಕಿಸಬೇಕು ಅಂತ ಯಾವ ಮೆಕ್ಯಾನಿಕ್‌ನನ್ನಾದರೂ ಕೇಳಿ. ಬಳ್ಳಾರಿ ಬಿಸಿಲಿನಲ್ಲಿ ಎಸಿ ಆಫ್ ಮಾಡಿ ಕಲಿಸಲು ನಮಗೆ ಮನಸ್ಸು ಬರುವುದಿಲ್ಲ. ಅದರ ಪೆಟ್ರೋಲೂ ನಮ್ಮ ಲೆಕ್ಕಕ್ಕೇ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್), ಡಿಎಲ್ ಶುಲ್ಕ ಸರ್ಕಾರಕ್ಕೆ ಹೋಗುತ್ತದೆ, ಅದನ್ನೂ ನಮ್ಮ ತಲೆಗೆ ಕಟ್ಟಬೇಡಿ.

ಈಗಾಗಲೇ ಫೀಸು ಕಟ್ಟಿದವರಿಗೆ ಹಳೇ ರೇಟೇ, ನಾಲ್ಕು ಕ್ಲಾಸೂ ಸಿಗುತ್ತವೆ. ಕಳೆದ ಎರಡು ವರ್ಷದಲ್ಲಿ ನಮ್ಮಲ್ಲಿ ಕಲಿತು ಡಿಎಲ್ ತಗೊಂಡವರು ಒಂದು ಸಂಜೆ ಬನ್ನಿ, ದುಡ್ಡು ಬೇಡ. ಒಂದು ದಿನ ಮುಂಚೆ ಫೋನ್ ಮಾಡಿ, ಗಾಡಿ ನಿಮಗಾಗಿ ಇಟ್ಟಿರುತ್ತೇವೆ. ಓಡಿಸುವಾಗ ಮಾತ್ರ ಫೋನ್ ಮಾಡಬೇಡಿ, ಗಾಡಿ ಬದಿಗೆ ಹಾಕಿ ಮಾಡಿ.

ನಿಮ್ಮ,
ಡ್ರೈವಿಂಗ್ ಸ್ಕೂಲ್ ಬಳಗ, ಬಳ್ಳಾರಿ