ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಬಳ್ಳಾರಿ,
ಭಾನುವಾರ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಮೆಸೇಜ್ ಮೂರು ಸಲ ಓದಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಮಾವ, ಹೂಂ ಮಾವ" ಅಂದು ಇಟ್ಟುಬಿಡುತ್ತೀಯ. ಕಾಗದವಾದರೆ ಬಾನೆಟ್ ಎತ್ತಿ, ಪಕ್ಕದಲ್ಲಿಟ್ಟುಕೊಂಡು ಓದಬಹುದು.

ಭಾವನ ಅಂಬಾಸಿಡರ್ ಟಿಕ್ ಟಿಕ್ ಅನ್ನುತ್ತಿದೆ. ಯಾರೋ ಮೆಕ್ಯಾನಿಕ್ ಹತ್ತೇ ನಿಮಿಷ ಕೇಳಿ, ಎಂಜಿನ್ ಇಳಿಸಬೇಕು, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು ಅಂದಿದ್ದಾನೆ. ಇಳಿಸಬೇಡ. ಇದೊಂದು ಮಾತು ಈಗಲೇ ಗಟ್ಟಿಯಾಗಿ ಹಿಡಿದುಕೊ, ಉಳಿದದ್ದನ್ನು ನಿಧಾನಕ್ಕೆ ಓದು.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಕೌಲ್ ಬಜಾರಿನ ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಸೇರಿ ನಾಲ್ಕು ವರ್ಷ ಆಗಿತ್ತು. ನಾಲ್ಕು ವರ್ಷಕ್ಕೆ ಎಲ್ಲಾ ಬಂತು ಅನ್ನಿಸಿಬಿಡುತ್ತದೆ ನೋಡು, ಅದು ಕೆಟ್ಟ ಕಾಲ. ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರೊಬ್ಬರ ಗಾಡಿ ಬಂತು, ಹೀಗೇ ಸದ್ದು. ಉಸ್ತಾದ್ ಊರಲ್ಲಿರಲಿಲ್ಲ. ನಾನು ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ತೆಗೆದು ಎಂಟೂ ವಾಲ್ವಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ಹಾಕಿ ಸಂದಿ ಸೆಟ್ ಮಾಡಿದೆ. ಸದ್ದು ಹೋಗಲಿಲ್ಲ. ಮತ್ತೆ ಮಾಡಿದೆ, ಹೋಗಲಿಲ್ಲ. ಗೇಜು ಎಲ್ಲಾ ಸರಿ ಇದೆ ಅನ್ನುತ್ತದೆ, ಕಿವಿ ಇಲ್ಲ ಅನ್ನುತ್ತದೆ. ನಾನು ಗೇಜನ್ನು ನಂಬಿದೆ. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದೆ, ಅಡಿಯ ಆಯಿಲ್ ಚೇಂಬರ್ ಬಿಚ್ಚಿದೆ, ಬೇರಿಂಗ್ ಬದಲಾಯಿಸಿದೆ. ಹದಿನೈದು ದಿನ ಹೋಯಿತು. ಎಲ್ಲಾ ಕಟ್ಟಿ ಸೆಲ್ಫ್ ಹೊಡೆದರೆ ಮತ್ತೆ ಅದೇ ಟಿಕ್ ಟಿಕ್.

ಉಸ್ತಾದ್ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಲ್ವುಗಳನ್ನು ಒತ್ತುವ ರಾಕರುಗಳು ಕೂತಿರುವ ದಂಡ, ಅದೇ ರಾಕರ್ ಶಾಫ್ಟ್, ಇಳಿಸಿ ಬೆಂಚಿನ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಒರೆಸಿ, ಒಂದೊಂದು ರಾಕರಿನ ತುದಿಗೂ ಹೆಬ್ಬೆರಳಿನ ಉಗುರು ಎಳೆಯುತ್ತಾ ಹೋದರು. ಆರನೆಯದಕ್ಕೆ ಉಗುರು ತಡೆಯಿತು. ನನ್ನ ಬೆರಳು ಹಿಡಿದು ಅಲ್ಲೇ ಎಳೆಸಿದರು. ವಾಲ್ವ್ ಬಂದು ತಾಗುವ ಜಾಗದಲ್ಲಿ ಸವೆದು ಸಣ್ಣ ಗುಳಿ. ಕಣ್ಣಿಗೆ ಸುಮ್ನೆ ಹೊಳೆಯುವ ಕಲೆಯ ಹಾಗೆ ಕಾಣುತ್ತದೆ, ಅಷ್ಟೇ. ಫೀಲರ್ ಗೇಜಿನ ಪಟ್ಟಿ ಚಪ್ಪಟೆ ಅಲ್ವಾ? ಹಳ್ಳದ ಮೇಲೆ ಹಲಗೆ ಹಾಕಿದ ಹಾಗೆ ಅದು ಗುಳಿಯ ಅಂಚಿನ ಮೇಲೆ ಕೂರುತ್ತದೆ. ವಾಲ್ವಿನ ತುದಿ ಮಾತ್ರ ಗುಳಿಯ ಒಳಗೆ ಹೋಗಿ ಬಡಿಯುತ್ತದೆ. ಗೇಜು ತೋರಿಸಿದ ಸಂದಿಗಿಂತ ನಿಜವಾದ ಸಂದಿ ಜಾಸ್ತಿ. ರಾಕರ್ ಬದಲಾಯಿಸಿದರು, ಸದ್ದು ನಿಂತಿತು. ಬೇರಿಂಗಿನ ದುಡ್ಡನ್ನು ನನ್ನ ಸಂಬಳದಲ್ಲಿ ಏಳು ತಿಂಗಳು ಮುರಿದುಕೊಂಡರು.

ಈಗ ನಿನ್ನ ಗಾಡಿಗೆ ಬರೋಣ. ಎಲ್ಲಕ್ಕಿಂತ ಮೊದಲು ಡಿಪ್ ಸ್ಟಿಕ್ ಎಳೆದು ಆಯಿಲ್ ನೋಡು. ಕಡಿಮೆ ಇದ್ದರೆ ಮೇಲಿನ ಗುರುತಿನ ತನಕ ಹಾಕಿ ಆಮೇಲೆ ಕೇಳು. ಆಯಿಲ್ ಪ್ರೆಶರಿನ ಕೆಂಪು ದೀಪ ಉರಿಯುತ್ತಿದ್ದರೆ ಅಲ್ಲೇ ಎಂಜಿನ್ ಬಂದ್ ಮಾಡು, ಮುಂದಿನದ್ದು ಯಾವುದೂ ಬೇಡ, ನನಗೆ ಫೋನ್ ಮಾಡು.

ನಿನ್ನ ಮೆಸೇಜಿನಲ್ಲಿ ನೀನೇ ಗಮನಿಸದ ಒಂದು ಮಾತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸದ್ದು ಜೋರು, ಹುಣ್ಣಿಮೆಗೆ ಅಕ್ಕನನ್ನು ಕರೆದುಕೊಂಡು ಹೋದಾಗ ಹುಲಿಗಿ ಮುಟ್ಟುವಷ್ಟರಲ್ಲಿ ತಗ್ಗಿತ್ತು ಅಂತ ಬರೆದಿದ್ದೀಯ. ನನಗೆ ಅನುಮಾನ ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಮೇಲೆ. ಅದರ ಗ್ಯಾಸ್ಕೆಟ್ ಸುಟ್ಟಿದ್ದರೆ ಆ ಸಂದಿಯಿಂದ ಹೊಗೆ ಚಿಮ್ಮುತ್ತದೆ. ಕೇಳುವವರಿಗೆ ಅದು ಥೇಟ್ ಟ್ಯಾಪೆಟ್ ಸದ್ದು. ಕಬ್ಬಿಣ ಬಿಸಿಯಾಗಿ ಹಿಗ್ಗಿದರೆ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ತಗ್ಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡು. ಎರಡು ಮೊಳ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ತಾಗಿಸದೆ ಆಡಿಸು. ಫ್ಯಾನಿನಿಂದ ದೂರ ಇರು, ಲುಂಗಿ ಉಟ್ಟುಕೊಂಡು ನಿಲ್ಲಬೇಡ. ಲೀಕ್ ಇರುವ ಕಡೆ ಪೈಪಿನಲ್ಲಿ ಫುಸ್ ಫುಸ್ ಅನ್ನುತ್ತದೆ, ಅಲ್ಲೇ ಕರೀ ಮಸಿಯೂ ಹಿಡಿದಿರುತ್ತದೆ. ಹಾಗಿದ್ದರೆ ಗ್ಯಾಸ್ಕೆಟ್ ಹಾಕಿಸು, ಮುಗಿಯಿತು. ಅಲ್ಲಿಯ ತನಕ ಗ್ಲಾಸ್ ಇಳಿಸಿಕೊಂಡೇ ಓಡಿಸು. ಆ ಹೊಗೆ ಒಳಗೆ ಬಂದರೆ ಗೊತ್ತೇ ಆಗದ ಹಾಗೆ ತಲೆ ಸುತ್ತಿಸುತ್ತದೆ.

ಅಲ್ಲಿ ಏನೂ ಇಲ್ಲ ಅಂದರೆ ರಾತ್ರಿ ಲೈಟ್ ಆರಿಸಿ ಪ್ಲಗ್ ವೈರುಗಳನ್ನು ನೋಡು. ವೈರ್ ಸೀಳಿದ್ದರೆ ನೀಲಿ ಕಿಡಿ ಹಾರುವುದು ಕಾಣುತ್ತದೆ, ಅದೂ ಟಿಕ್ ಟಿಕ್ ಅನ್ನುತ್ತದೆ. ಹಾಗೆಯೇ ಫ್ಯಾನ್ ಬೆಲ್ಟ್ ತೆಗೆದು ಒಂದೇ ನಿಮಿಷ ಓಡಿಸು. ಸದ್ದು ನಿಂತರೆ ಡೈನಮೋ, ಇಲ್ಲವೇ ವಾಟರ್ ಪಂಪ್, ಇಲ್ಲವೇ ಬೆಲ್ಟೇ. ಎಂಜಿನ್ನಿನ ಒಳಗೆ ಕೈ ಹಾಕಬೇಕಿಲ್ಲ.

ಇಷ್ಟಾದ ಮೇಲೂ ಸದ್ದು ಇದ್ದರೆ ಉದ್ದನೆಯ ಸ್ಕ್ರೂ ಡ್ರೈವರ್ ತಗೊ. ಮೊನೆಯನ್ನು ಟ್ಯಾಪೆಟ್ ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತು. ಆಮೇಲೆ ಬ್ಲಾಕಿಗೆ, ಕೆಳಗೆ ಚೇಂಬರಿಗೆ. ಮೇಲೆ ಜೋರಾಗಿದ್ದರೆ ವಾಲ್ವ್ ಕಡೆಯದು. ಯಾರ ಹತ್ತಿರವಾದರೂ ಪ್ಲಗ್ಗಿನ ಕಿಡಿಗೆ ಸರಿಯಾಗಿ ಮಿಂಚುವ ಟೈಮಿಂಗ್ ಲೈಟ್ ಇದ್ದರೆ ಇನ್ನೂ ಒಳ್ಳೆಯದು. ಒಂದನೇ ಪ್ಲಗ್ಗಿಗೆ ಹಾಕು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಲೈಟ್ ಒಂದು ಸಲ ಮಿಂಚುತ್ತದೆ, ವಾಲ್ವುಗಳನ್ನು ಆಡಿಸುವ ಕ್ಯಾಮ್ ಶಾಫ್ಟೂ ಅಷ್ಟರಲ್ಲಿ ಒಂದೇ ಸುತ್ತು. ಮಿಂಚಿಗೆ ಒಂದು ಟಿಕ್ ಆದರೆ ವಾಲ್ವ್ ಕಡೆ, ಎರಡಾದರೆ ಕ್ರ್ಯಾಂಕ್ ಕಡೆ. ಬೇರಿಂಗ್ ಹೋದ ಸದ್ದೇ ಬೇರೆ. ಅದು ಟಿಕ್ ಅನ್ನುವುದಿಲ್ಲ, ಒನಕೆ ಕುಟ್ಟಿದ ಹಾಗೆ ದಪ್ಪಗೆ ಕೇಳುತ್ತದೆ. ಗಾಡಿ ಏರು ಹತ್ತುವಾಗ ಜಾಸ್ತಿ ಆಗುತ್ತದೆ.

ಟ್ಯಾಪೆಟ್ ಸೆಟ್ ಮಾಡುವುದು ನಿನ್ನಿಂದ ಆಗುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸು. ಒಂಬತ್ತರ ಲೆಕ್ಕ ನೆನಪಿಟ್ಟುಕೊ. ಮುಂದಿನಿಂದ ಎಣಿಸಿ ಒಂದನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ ಎಂಟನೆಯದನ್ನು ಸೆಟ್ ಮಾಡು, ಮೂರು ಒತ್ತಿಕೊಂಡಾಗ ಆರು, ಐದಕ್ಕೆ ನಾಲ್ಕು. ಕೂಡಿಸಿದರೆ ಒಂಬತ್ತು ಬರಬೇಕು. ಈ 1489 ಸಿಸಿ ಎಂಜಿನ್ನಿಗೆ ನಾವು ಇಡುತ್ತಿದ್ದ ಸಂದಿ 0.015 ಇಂಚು. ಭಾವ ಗಾಡಿಯ ಪುಸ್ತಕವನ್ನು ಬೀರುವಿನಲ್ಲಿ ಇಟ್ಟಿದ್ದರು, ಅದನ್ನೂ ಒಮ್ಮೆ ನೋಡು. ಸದ್ದು ಅಡಗಿಸೋಕೆ ಅಂತ ಮಾತ್ರ ಸಂದಿ ಬಿಗಿ ಮಾಡಬೇಡ. ವಾಲ್ವ್ ಸರಿಯಾಗಿ ಕೂರದಿದ್ದರೆ ಅದರ ಬಿಸಿ ಇಳಿಯುವುದಿಲ್ಲ, ಸುಟ್ಟು ಹೋಗುತ್ತದೆ. ಹಳೇ ಅಂಬಾಸಿಡರ್ ಸ್ವಲ್ಪ ಮಾತಾಡಿಕೊಂಡೇ ಇರಬೇಕು.

ಸೆಟ್ ಮಾಡಿದರೂ ಸದ್ದು ಹೋಗದಿದ್ದರೆ ರಾಕರಿನ ಗುಳಿ ನೆನಪಿಸಿಕೊ. ಆದರೆ ರಾಕರ್ ಶಾಫ್ಟ್ ನೀನು ಬಿಚ್ಚಬೇಡ. ಅದನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ, ಹೆಡ್ ಸೊಟ್ಟಗಾದೀತು. ಅದಕ್ಕೆ ನಾನೇ ಬರುತ್ತೇನೆ.

ಇನ್ನು ಆ ವಿಡಿಯೋದಲ್ಲಿ ನೋಡಿದೆ ಅಂದೆಯಲ್ಲ, ಆಯಿಲಿಗೆ ಬೆರೆಸುವ ಡಬ್ಬಿ. ಅದು ಆಯಿಲ್ ಒತ್ತಡದಿಂದ ತಾನೇ ಸಂದಿ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನುಗಳ ಔಷಧ. ನಿನ್ನ ಗಾಡಿಯಲ್ಲಿರುವುದು ಗಟ್ಟಿ ಕಬ್ಬಿಣದ ಟ್ಯಾಪೆಟ್. ದುಡ್ಡು ದಂಡ.

ಟ್ಯಾಪೆಟ್ ಕವರ್ ತೆಗೆದರೆ ಹಳೇ ಕಾರ್ಕ್ ಗ್ಯಾಸ್ಕೆಟ್ ಪುಡಿಯಾಗುತ್ತದೆ. ಹೊಸದೊಂದನ್ನು ಇಲ್ಲೇ ತಂದಿಟ್ಟಿದ್ದೇನೆ. 2014ರಲ್ಲಿ ಗಾಡಿ ತಯಾರಿಸುವುದನ್ನೇ ನಿಲ್ಲಿಸಿದ ಮೇಲೆ ಇದನ್ನು ಹುಡುಕುವುದೂ ಒಂದು ಕೆಲಸ. ನಾಳೆ ಬೆಳಗಿನ ಗಂಗಾವತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಇಸ್ಕೊ. ಮಡಚಬೇಡ, ಮುರಿಯುತ್ತದೆ.

ಇಂತಿ ನಿನ್ನ ಮಾವ