ಪುಟ್ಟನ ಹೊಟ್ಟೆನೋವು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ, "ದೊಡ್ಡಮ್ಮ, ಸ್ಕೂಲಿಗೆ ಹೊರಡೋ ಹೊತ್ತಿಗೇ ಇವನಿಗೆ ಹೊಟ್ಟೆನೋವು, ಬರೀ ನಾಟಕ" ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಕೊರೆಯಿತು. ನಾನೂ ಇದೇ ಮಾತು ಆಡಿದವಳು.

ನಿನ್ನ ಅಣ್ಣನಿಗೆ ಆಗ ಏಳು ವರ್ಷ. ದಿನಾ ಬೆಳಿಗ್ಗೆ ದೊಡ್ಡ ಸ್ಟೀಲ್ ಲೋಟದ ತುಂಬ ಹಾಲು ಕುಡಿಸುತ್ತಿದ್ದೆ. ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಾ ಹೊಕ್ಕುಳ ಮೇಲೆ ಕೈ ಒತ್ತಿ ಕೂತುಬಿಡುತ್ತಿದ್ದ. ಹೊಟ್ಟೆ ಗುಡುಗುಡು ಅನ್ನುವುದು ನನಗೇ ಕೇಳಿಸುತ್ತಿತ್ತು. ಆದರೂ ಬೈದು ಕಳಿಸುತ್ತಿದ್ದೆ. ಓಮದ ನೀರು ಕೊಟ್ಟೆ, ದೃಷ್ಟಿ ತೆಗೆದೆ, ಜಂತುಹುಳದ ಔಷಧಿ ಹಾಕಿಸಿದೆ. ಹಾಲು ಮಾತ್ರ ನಿಲ್ಲಿಸಲಿಲ್ಲ. ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಕೊನೆಗೆ ಮಕ್ಕಳ ಡಾಕ್ಟರು ಬಿಡಿಸಿ ಹೇಳಿದರು. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ, 200 ಮಿಲಿ ಲೋಟಕ್ಕೆ ಸುಮಾರು 10 ಗ್ರಾಂ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಕುಡಿಯುವ ಕೂಸಿಗೆ ಅದು ಧಾರಾಳವಾಗಿ ಇರುತ್ತದೆ. ಬೆಳೆಯುತ್ತಾ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ನಮ್ಮ ದಕ್ಷಿಣದ ಕಡೆ ಇದು ಸಾಮಾನ್ಯ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಜಾರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸುತ್ತವೆ. ಅದಕ್ಕೇ ಗ್ಯಾಸ್, ಉಬ್ಬರ, ನೋವು, ಕೆಲವೊಮ್ಮೆ ಭೇದಿ. ಸಾಮಾನ್ಯವಾಗಿ ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶುರು. ಪುಟ್ಟ ಹಾಲು ಕುಡಿಯುವುದು ಆರೂಮುಕ್ಕಾಲಿಗೆ, ಬಸ್ಸು ಏಳೂವರೆಗೆ. ಲೆಕ್ಕ ಸರಿಹೋಯಿತಲ್ವಾ? ಭಾನುವಾರ ಹಾಲು ಕುಡಿದ ಮೇಲೂ ನೋವು ಬರುತ್ತದಾ, ನೋಡು.

ಹೋದ ತಿಂಗಳು ಅವನಿಗೆ ವಾಂತಿಭೇದಿ ಆಗಿತ್ತಲ್ಲ, ಅದರಿಂದ ಕರುಳಿನ ಒಳಪದರ ಸವೆದರೂ ಸ್ವಲ್ಪ ದಿನ ಹಾಲು ಅರಗುವುದಿಲ್ಲ. ಅದು ತಾನಾಗಿಯೇ ಸರಿಹೋಗುತ್ತದೆ.

ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದರೆ ಎರಡು ವಾರ ಹಾಲು, ಐಸ್‌ಕ್ರೀಮ್, ಪೇಡ ಎಲ್ಲ ನಿಲ್ಲಿಸು. ಮೊಸರೂ ಬೇಡ. ನೋವು ಬಂದ ದಿನ, ಹೊತ್ತು ಬರೆದಿಡು. ಆಮೇಲೆ ಮತ್ತೆ ಹಾಲು ಕೊಟ್ಟು ನೋಡಲೇಬೇಕು. ಇಲ್ಲದಿದ್ದರೆ ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕಿದ ಹಾಗಾಗುತ್ತದೆ. ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆಯೂ ಇದೆ.

ಹಾಲೇ ಕಾರಣ ಅಂತ ಗೊತ್ತಾದರೂ ಜನ್ಮಪೂರ್ತಿ ಬಿಡಬೇಕಿಲ್ಲ. ಮೊಸರು, ಮಜ್ಜಿಗೆ ತುಂಬ ಮಕ್ಕಳಿಗೆ ಒಗ್ಗುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲ ಅಂದರೂ ಸರಿ. ತಿಂಡಿಯ ಜೊತೆ ಅರ್ಧ ಲೋಟ ಹಾಲು ತಡೆದೀತು. ಆದರೆ ಜಾಸ್ತಿ ಕಾಯಿಸಿದರೆ, ನಾಟಿ ಹಸುವಿನದಾದರೆ ಲ್ಯಾಕ್ಟೋಸ್ ಹೋಗುತ್ತದೆ ಅನ್ನುವುದು ಸುಳ್ಳು. ಕ್ಯಾಲ್ಸಿಯಂಗೆ ರಾಗಿ ಇದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಜಾಸ್ತಿ. ಎಳ್ಳುಂಡೆ ಮಾಡು.

ಹಾಲು ಕುಡಿದು ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ ಅದು ಅಲರ್ಜಿ, ಬೇರೆಯೇ ಸಂಗತಿ. ಆಗ ಹನಿ ಹಾಲೂ ಬೇಡ, ಕೂಡಲೇ ಆಸ್ಪತ್ರೆಗೆ ಹೋಗು. ಮಲದಲ್ಲಿ ರಕ್ತ, ಹಸಿರು ವಾಂತಿ, ತೂಕ ಇಳಿಯುವುದು, ನೋವಿಗೆ ರಾತ್ರಿ ಎಚ್ಚರವಾಗುವುದು, ಬಲಗಡೆ ಕೆಳಹೊಟ್ಟೆ ನೋವು, ಇವಕ್ಕೂ ಎರಡು ವಾರ ಕಾಯಬೇಡ.

ನಿಮ್ಮತ್ತೆ "ಹಾಲಿಲ್ಲದೆ ಮಗು ಬೆಳೆಯುತ್ತಾ?" ಅಂದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ರಾಗಿ ಹುರಿಹಿಟ್ಟು ಮಾಡಿಟ್ಟಿದ್ದೇನೆ, ಶನಿವಾರ ನಿಮ್ಮ ದೊಡ್ಡಪ್ಪ ತರುತ್ತಾರೆ. ಇವತ್ತು ಪುಟ್ಟ ಸ್ಕೂಲಿನಿಂದ ಬಂದಾಗ ಹತ್ತಿರ ಕೂರಿಸಿಕೊಂಡು, ಎಲ್ಲಿ ನೋಯುತ್ತದೆ ಅಂತ ಕೇಳು.

ನಿನ್ನ
ದೊಡ್ಡಮ್ಮ