ಖಾಲಿ ಸೀಟಿನ ಪಟ್ಟಿ ಮೊದಲೇ ಹಾಕಿ

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಬ್ರಾಂಚ್ ಬದಲಿಸುವ ಅವಕಾಶ ಇದೆ ಎನ್ನುತ್ತಾರೆ. ಆದರೆ ಯಾವ ಬ್ರಾಂಚ್‌ನಲ್ಲಿ ಎಷ್ಟು ಸೀಟು ಖಾಲಿ ಎಂಬುದು ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಸಿಇಟಿ ಸೀಟು ಹಂಚಿಕೆ ತಡವಾಗುತ್ತಿರುವ ವರದಿ ಓದಿ ಇದನ್ನು ಬರೆಯುತ್ತಿದ್ದೇನೆ.

2024ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಗೊಂದಲ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಪರಿಷ್ಕೃತ ಫಲಿತಾಂಶ ಬಂದಿದ್ದು ಜುಲೈ 26ಕ್ಕೆ. ವೈದ್ಯಕೀಯ ಸೀಟುಗಳ ಜೊತೆಗೇ ಹಂಚಬೇಕಿದ್ದರಿಂದ ಇಲ್ಲಿ ಎಂಜಿನಿಯರಿಂಗ್ ಸೀಟು ಹಂಚಿಕೆಯೂ ಅದಕ್ಕಾಗಿ ಕಾಯಬೇಕಾಯಿತು. ನನ್ನ ಮಗಳಿಗೆ ಕೊನೆಯ ಸುತ್ತಿನಲ್ಲಿ ಸಿಕ್ಕಿದ್ದು ಸಿವಿಲ್. ಆಸೆ ಇದ್ದದ್ದು ಕಂಪ್ಯೂಟರ್ ಸೈನ್ಸ್ ಮೇಲೆ. ಅವಳು ತರಗತಿಗೆ ಕಾಲಿಡುವ ಹೊತ್ತಿಗೆ ಮೊದಲ ಇಂಟರ್ನಲ್ಸ್ ಹತ್ತಿರ ಬಂದಿತ್ತು. ಗೆಳತಿಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ನೋಟ್ಸ್ ಫೋಟೊಗಳನ್ನು ರಾತ್ರಿಯೆಲ್ಲ ಕೂತು ಬರೆದುಕೊಂಡಳು. ಒಳ್ಳೆಯ ಅಂಕವನ್ನೂ ತೆಗೆದಳು. ಬ್ರಾಂಚ್ ಬದಲಾವಣೆ ಕೇಳಲು ಹೋದರೆ ಕಾಲೇಜು ಕಚೇರಿಯಲ್ಲಿ ‘ಖಾಲಿ ಇದ್ರೆ ನೋಡೋಣ’ ಎಂಬ ಒಂದೇ ಮಾತು. ನೋಟಿಸು ಕಣ್ಣಿಗೆ ಬಿದ್ದಾಗ ಅರ್ಜಿಗೆ ಉಳಿದಿದ್ದು ಎರಡೇ ದಿನ. ಕಂಪ್ಯೂಟರ್ ಸೈನ್ಸ್‌ಗೆ ಪೈಪೋಟಿ ಜಾಸ್ತಿ, ಸಿಗದಿದ್ದರೆ ಬೇಸರವಿಲ್ಲ. ಸುಮ್ನೆ ಅಲೆದಾಡಿಸುವುದು ಯಾಕೆ?

ಪ್ರತಿ ಕಾಲೇಜು ಬ್ರಾಂಚ್‌ವಾರು ಖಾಲಿ ಸೀಟುಗಳನ್ನೂ ಹಿಂದಿನ ವರ್ಷ ಬದಲಾವಣೆ ಸಿಕ್ಕವರ ಕನಿಷ್ಠ ಅಂಕವನ್ನೂ ಮೂರನೇ ಸೆಮಿಸ್ಟರ್‌ಗೆ ಒಂದು ತಿಂಗಳು ಮೊದಲೇ ವೆಬ್‌ಸೈಟ್‌ನಲ್ಲಿ ಹಾಕುವಂತೆ ವಿಶ್ವವಿದ್ಯಾಲಯ ಸೂಚಿಸಲಿ.

– ಒಬ್ಬ ಪೋಷಕ, ತುಮಕೂರು